ಹಿಂಸೆಯ ಸುದ್ದಿಯನ್ನು ಮೊದಲು ಓದುವವರು



2024ರ ಮಾರ್ಚ್ 1ರಂದು ಮಧ್ಯಾಹ್ನ, ಊಟದ ಹೊತ್ತಿನಲ್ಲಿ, ಬೆಂಗಳೂರಿನ ನಮ್ಮ ಹೂಡಿಗೆ ಹತ್ತಿರದ ಬ್ರೂಕ್‌ಫೀಲ್ಡ್‌ನ ರಾಮೇಶ್ವರಂ ಕೆಫೆಯಲ್ಲಿ ಬಾಂಬ್ ಸಿಡಿಯಿತು. ಮೊದಲಿಗೆ ಸಿಲಿಂಡರ್ ಸ್ಫೋಟ ಎಂದರು. ಯಾರೋ ಬಿಟ್ಟುಹೋದ ಚೀಲದಲ್ಲಿ ಸ್ಫೋಟಕವಿತ್ತೆಂದು ಸಂಜೆಗೆ ಸರ್ಕಾರವೇ ಹೇಳಿತು. ಅಷ್ಟರೊಳಗೆ ಸಿಸಿಟಿವಿ ದೃಶ್ಯ ಮೊಬೈಲಿನಿಂದ ಮೊಬೈಲಿಗೆ ಹಾರಿ ಊರೂರು ತಲುಪಿತ್ತು.

ಅದನ್ನು ಯಾರು ನೋಡಿದರು ಎಂದು ಹೂಡಿಯವರು ಯೋಚಿಸಲೇಬೇಕು. ಇಲ್ಲಿನ ಪಿಜಿಗಳಲ್ಲಿ, ಕಟ್ಟಡ ಕೆಲಸದವರ ಶೆಡ್ಡುಗಳಲ್ಲಿ ಇರುವವರ ಮನೆಮಂದಿ ರಾಯಚೂರು, ಯಾದಗಿರಿ, ಒಡಿಶಾ, ಅಸ್ಸಾಂ ಕಡೆ ಇದ್ದಾರೆ. ಮಗ ವೈಟ್‌ಫೀಲ್ಡ್ ಹತ್ತಿರ ಕೆಲಸಕ್ಕಿದ್ದಾನೆ ಎಂಬುದಷ್ಟೇ ತಾಯಿಗೆ ಗೊತ್ತು. ಪರದೆಯ ಮೇಲೆ ಹೊಗೆ, ಚೀರಾಟ, ಅದೇ ಕೆಲವು ಕ್ಷಣಗಳು ಮತ್ತೆ ಮತ್ತೆ. ಮಗನ ಫೋನ್ ಸಿಗುತ್ತಿಲ್ಲ. ಹಿಂಸೆಯ ಸುದ್ದಿಯ ಮೊದಲ ಓದುಗರು ಆ ತಾಯಿ. ಅವರನ್ನು ಎದುರಿಗೆ ಕೂರಿಸಿಕೊಂಡು ಬರೆಯಿರಿ ಎಂಬುದೇ ಈ ಉಪನ್ಯಾಸದಲ್ಲಿ ನಾನು ಕೇಳುವುದು.

ಅವರಿಗೆ ಏನು ಬೇಕು? ಘಟನೆ ನಡೆದ ಜಾಗದ ಖಚಿತ ಹೆಸರು. ಎಷ್ಟು ಜನಕ್ಕೆ ಗಾಯ, ಯಾವ ಆಸ್ಪತ್ರೆ, ಯಾವ ನಂಬರಿಗೆ ಫೋನ್ ಮಾಡಬೇಕು, ಪೊಲೀಸರು ಎಷ್ಟು ಹೊತ್ತಿಗೆ ಏನು ಹೇಳಿದರು, ಇನ್ನೂ ಏನು ಗೊತ್ತಾಗಿಲ್ಲ. ಇವುಗಳಲ್ಲಿ ಒಂದನ್ನು ಹೇಳುವುದಕ್ಕೂ ನೆತ್ತರಿನ ದೃಶ್ಯ ಬೇಕಿಲ್ಲ.

ದೃಶ್ಯ ಬೇಕಾಗುವ ಸಂದರ್ಭ ಇಲ್ಲವೆಂದಲ್ಲ. 2013ರ ನವೆಂಬರ್ 19ರಂದು ಬೆಂಗಳೂರಿನ ಕಾರ್ಪೊರೇಷನ್ ವೃತ್ತದ ಎಟಿಎಂನಲ್ಲಿ ಬ್ಯಾಂಕ್ ಉದ್ಯೋಗಿ ಮಹಿಳೆಯ ಮೇಲೆ ಮಚ್ಚಿನಿಂದ ಹಲ್ಲೆಯಾಯಿತು. ತಪ್ಪಿಸಿಕೊಂಡವನನ್ನು ಜನ ಗುರುತಿಸಬೇಕಿತ್ತು, ಅದಕ್ಕೆ ಅವನ ಮುಖ ತೋರಿಸಿದರೆ ಸಾಕಿತ್ತು. ಆದರೆ ದೇಶ ದಿನಗಟ್ಟಲೆ ನೋಡಿದ್ದು ಆಕೆಯ ಮೇಲೆ ಬೀಳುವ ಏಟುಗಳನ್ನು. ಆರೋಪಿ ಸಿಕ್ಕಿದ್ದು 2017ರಲ್ಲಿ. ಆ ದೃಶ್ಯ ಈಗಲೂ ಒಂದು ಹುಡುಕಾಟದ ದೂರದಲ್ಲಿದೆ. ಬದುಕುಳಿದ ಒಬ್ಬ ಹೆಣ್ಣುಮಗಳಿಗೆ ಅದನ್ನು ಮರೆಯುವ ಹಕ್ಕಿಲ್ಲವೇ?

2024ರ ಸೆಪ್ಟೆಂಬರಿನಲ್ಲಿ ಇನ್ನೂ ಕೆಟ್ಟದ್ದು ನಡೆಯಿತು. ಆ ಜೂನಿನಲ್ಲಿ ಬೆಂಗಳೂರಿನಲ್ಲಿ ಕೊಲೆಯಾದ ಚಿತ್ರದುರ್ಗದ ಯುವಕ ಕೈಮುಗಿದು ಬೇಡಿಕೊಳ್ಳುತ್ತಿರುವ ಚಿತ್ರ, ಆರೋಪಪಟ್ಟಿ ಸಲ್ಲಿಕೆಯಾದ ಬೆನ್ನಲ್ಲೇ ಸುದ್ದಿತಾಣಗಳಲ್ಲೂ ವಾಹಿನಿಗಳಲ್ಲೂ ಹರಿದಾಡಿತು. ಆರೋಪಪಟ್ಟಿಯಲ್ಲಿನ ವಿಷಯಗಳನ್ನು ಪ್ರಕಟಿಸದಂತೆ ಹೈಕೋರ್ಟ್ ಮಧ್ಯಂತರ ಆದೇಶ ನೀಡಬೇಕಾಯಿತು. ಆ ಚಿತ್ರ ಸಾಕ್ಷ್ಯವಾಗಿ ನ್ಯಾಯಾಲಯಕ್ಕೆ ಅಗತ್ಯವಿರಬಹುದು. ಅವನ ತಂದೆತಾಯಿ ಅದನ್ನು ಮೊಬೈಲಿನಲ್ಲಿ ನೋಡಬೇಕಾದ ಅಗತ್ಯವನ್ನು ಯಾವ ಸಂಪಾದಕರೂ ನನಗೆ ವಿವರಿಸಲಾರರು.

ಕಾನೂನು ಏನು ಹೇಳುತ್ತದೆ ಎಂದು ಕೇಳುವಿರಿ. ಕೆಲವು ಗೆರೆಗಳು ಸ್ಪಷ್ಟವಾಗಿವೆ. ಅತ್ಯಾಚಾರಕ್ಕೊಳಗಾದವರ ಗುರುತು ಬಹಿರಂಗಪಡಿಸುವುದು ಭಾರತೀಯ ನ್ಯಾಯ ಸಂಹಿತೆಯ 72ನೇ ಕಲಮಿನಡಿ ಅಪರಾಧ. ಮಕ್ಕಳ ವಿಷಯದಲ್ಲಿ ಪೋಕ್ಸೊ ಕಾಯ್ದೆಯ 23ನೇ ಕಲಮು ಇದೆ. ಹೆಸರು ಮುಚ್ಚಿ ಊರು, ಶಾಲೆ, ತಂದೆಯ ಉದ್ಯೋಗ ಬರೆದರೂ ಗುರುತು ಕೊಟ್ಟಂತೆಯೇ ಎಂಬುದು ಸುಪ್ರೀಂ ಕೋರ್ಟಿನ 2018ರ ನಿಪುಣ್ ಸಕ್ಸೇನಾ ತೀರ್ಪಿನ ತಿರುಳು. ಇದರಾಚೆಗೆ ನೆಲ ಸಡಿಲ. 1978ರ ಪತ್ರಿಕಾ ಮಂಡಳಿ ಕಾಯ್ದೆ ಹುಟ್ಟಿದಾಗ ಜಾಲತಾಣಗಳೇ ಇರಲಿಲ್ಲ. 2021ರ ಮಾಹಿತಿ ತಂತ್ರಜ್ಞಾನ ನಿಯಮಗಳು ಡಿಜಿಟಲ್ ಸುದ್ದಿಗೂ ನೀತಿಸಂಹಿತೆ ತಂದವು, ಆದರೆ ಅದರ ಮುಖ್ಯ ಭಾಗಕ್ಕೆ ಬಾಂಬೆ ಹೈಕೋರ್ಟ್ ಅದೇ ವರ್ಷದ ಆಗಸ್ಟಿನಲ್ಲಿ ತಡೆ ನೀಡಿತು. ಸರ್ಕಾರದ ಕೈಗೆ ಕತ್ತರಿ ಕೊಡುವುದು ನನಗೂ ಬೇಡ. ಹಾಗಾಗಿಯೇ ಹೊಣೆ ಸುದ್ದಿಮನೆಯ ಮೇಲೆ ಹೆಚ್ಚಾಗಿ ಬೀಳುತ್ತದೆ.

ಕನ್ನಡ ಸುದ್ದಿಮನೆಗಳಿಗೆ ಒಂದು ಮಾತು. ‘ಶೀಲ ಶಂಕಿಸಿ ಪತ್ನಿಯ ಕೊಲೆ’ ಎಂಬ ತಲೆಬರಹವನ್ನು ದಯವಿಟ್ಟು ನಿಲ್ಲಿಸಿ. ಅದು ಕೊಂದವನ ಹೇಳಿಕೆ. ಉತ್ತರ ಕೊಡಲು ಸತ್ತವಳು ಇಲ್ಲ, ಆ ಸಾಲನ್ನು ಓದಲು ಅವಳ ಮಕ್ಕಳು ಇದ್ದಾರೆ.

ಗಾಳಿಮಾತು ಏನು ಮಾಡಬಲ್ಲದು ಎಂಬುದನ್ನು ಬೆಂಗಳೂರು 2012ರ ಆಗಸ್ಟಿನಲ್ಲೇ ಕಂಡಿದೆ. ಎಸ್‌ಎಂಎಸ್‌ಗಳಿಗೆ ಹೆದರಿ ಈಶಾನ್ಯ ರಾಜ್ಯಗಳ ಸಾವಿರಾರು ಜನ ಗುವಾಹಟಿಯ ರೈಲು ಹತ್ತಿದರು. 2018ರ ಮೇ ತಿಂಗಳಲ್ಲಿ ಮಕ್ಕಳ ಕಳ್ಳರೆಂಬ ವಾಟ್ಸ್‌ಆ್ಯಪ್ ವದಂತಿ ಚಾಮರಾಜಪೇಟೆಯಲ್ಲಿ ರಾಜಸ್ಥಾನದ ಒಬ್ಬ ಯುವಕನ ಜೀವ ತೆಗೆಯಿತು. ಹೊರಗಿನಿಂದ ದುಡಿಯಲು ಬಂದವರೇ ತುಂಬಿರುವ ಹೂಡಿಯಂಥ ಕಡೆ ಶಂಕಿತನ ಜಾತಿ, ಧರ್ಮ, ರಾಜ್ಯವನ್ನು ಪರಿಶೀಲಿಸದೆ ಬರೆಯುವುದು ಪಕ್ಕದ ಕೋಣೆಯವನನ್ನು ಅಪಾಯಕ್ಕೆ ತಳ್ಳಿದಂತೆ.

ಕೆಫೆ ಪ್ರಕರಣದಲ್ಲೇ ಇಂಥದ್ದು ಆಯಿತು. ತನಿಖೆ ರಾಷ್ಟ್ರೀಯ ತನಿಖಾ ದಳಕ್ಕೆ (ಎನ್‌ಐಎ) ಹೋದ ಮೇಲೆ, ಏಪ್ರಿಲ್ ಮೊದಲ ವಾರ, ಸಾಕ್ಷಿಯಾಗಿ ವಿಚಾರಣೆಗೆ ಕರೆಸಿದ್ದ ತೀರ್ಥಹಳ್ಳಿಯ ಒಬ್ಬ ರಾಜಕೀಯ ಕಾರ್ಯಕರ್ತರನ್ನು ವಶಕ್ಕೆ ಪಡೆಯಲಾಗಿದೆ ಎಂಬ ಸುದ್ದಿ ಹಬ್ಬಿತು. ಸಾಕ್ಷಿಗಳ ಗುರುತು ಬಯಲಾದರೆ ಅವರ ಜೀವಕ್ಕೂ ತನಿಖೆಗೂ ತೊಂದರೆ ಎಂದು ಎನ್‌ಐಎ ಪ್ರಕಟಣೆ ಹೊರಡಿಸಿತು. ಇಬ್ಬರು ಪ್ರಮುಖ ಆರೋಪಿಗಳು ಕೋಲ್ಕತ್ತ ಬಳಿ ಸಿಕ್ಕಿದ್ದು ಏಪ್ರಿಲ್ 12ರಂದು.

ಅಚ್ಚಾದ ಪತ್ರಿಕೆಗೆ ಇಲ್ಲದ ಒಂದು ಶಕ್ತಿ ಜಾಲತಾಣಕ್ಕಿದೆ: ನಿನ್ನೆಯ ಪುಟವನ್ನು ಇವತ್ತು ತಿದ್ದಬಹುದು. ಎಟಿಎಂ ಹಲ್ಲೆಯ ದೃಶ್ಯ ಇನ್ನೂ ನಿಮ್ಮ ತಾಣದಲ್ಲಿದ್ದರೆ ತೆಗೆಯಿರಿ. ಆರೋಪಿ ಖುಲಾಸೆಯಾಗಿದ್ದರೆ ಬಂಧನದ ಹಳೆಯ ಸುದ್ದಿಯ ನೆತ್ತಿಯ ಮೇಲೆಯೇ ಅದನ್ನು ದಿನಾಂಕದ ಸಮೇತ ಬರೆಯಿರಿ. ಸಾಕ್ಷಿಯನ್ನು ಶಂಕಿತ ಎಂದ ಪುಟಗಳನ್ನು ಹುಡುಕಿ ತಿದ್ದಲು ಪ್ರತಿ ಸುದ್ದಿಮನೆಯೂ ಒಬ್ಬ ಹಿರಿಯ ಉಪಸಂಪಾದಕರಿಗೆ ವಾರಕ್ಕೆ ಒಂದು ದಿನ ಕೊಡಲಿ. ಸುದ್ದಿಯಲ್ಲಿರುವವರ ಮನೆಯವರಿಂದ ದೂರು ಬಂದರೆ ಅದನ್ನು ಓದುವವರ ಹೆಸರು, ಫೋನ್ ನಂಬರು ಮುಖಪುಟದಲ್ಲೇ ಇರಲಿ.