ನಕಲು ತಿದ್ದುವ ಕೈಗಳು



ಹೋಟೆಲಿನಲ್ಲಿ ಆರ್ಡರು ಬಾಯಿಂದ ಬಾಯಿಗೆ ದಾಟುವಾಗ ತಪ್ಪುವುದುಂಟು. ನಮ್ಮ ಮೈಯೊಳಗೂ ಹಾಗೆಯೇ. ಒಂದು ಜೀವಕೋಶ ಎರಡಾಗುವಾಗ ಸುಮಾರು 600 ಕೋಟಿ ಜೋಡಿ ಅಕ್ಷರಗಳ ಡಿ.ಎನ್.ಎ. ನಕಲಾಗಬೇಕು.

ತಪ್ಪು ಹಿಡಿಯುವುದು ಮ್ಯೂಟ್‌ಎಸ್ ವಂಶದ ಕಿಣ್ವ. ಜೋಡಿಸಿದ ಎರಡು ಕೈಗಳಂತೆ ಅದು ಎಳೆಯನ್ನು ಸುತ್ತಿ ಹಿಡಿಯುತ್ತದೆ. ಜೋಡಿ ತಪ್ಪಿದಲ್ಲಿ ಎಳೆ ಬಾಗುತ್ತದೆ, ಮಿಲ್ಲಿನ ನೂಲಿನ ಗಂಟಿನಂತೆ ಸಿಕ್ಕಿಬೀಳುತ್ತದೆ. ಆಗ ಮ್ಯೂಟ್‌ಎಲ್ ಜೊತೆಗೂಡುತ್ತದೆ. ತಪ್ಪಿದ ಭಾಗ ಕತ್ತರಿಸಿ ಹೊಸದಾಗಿ ಬರೆಯಲಾಗುತ್ತದೆ.

ಬೆಂಗಳೂರಿನ ಡಿ.ಎನ್. ರಾವ್, ದೀಪಕ್ ನಾಯರ್ ಮೊದಲಾದವರು 2010ರಲ್ಲಿ ಒಂದು ರೋಗಾಣುವಿನ ಮ್ಯೂಟ್‌ಎಲ್ ತುದಿಯ ಆಕಾರ ಪ್ರಕಟಿಸಿದರು. ನಾಯರರು ಬಳಿಕ ನಮ್ಮ ಪಕ್ಕದ ಫರೀದಾಬಾದಿಗೆ ಬಂದರು.

ಈ ಆಕಾರ ಕೆಟ್ಟರೆ ತಪ್ಪುಗಳು ಉಳಿಯುತ್ತವೆ. ಕೆಲವು ಮನೆತನಗಳಲ್ಲಿ ಈ ದೋಷ ಇಳಿದುಬಂದು, ಚಿಕ್ಕ ವಯಸ್ಸಿಗೇ ಕರುಳಿನ ಕ್ಯಾನ್ಸರ್ ಬರುತ್ತದೆ. ಅಂಥವರು ಹಣೆಬರಹವೆಂದು ಕೂರದೆ ಬೇಗನೆ ಡಾಕ್ಟರಿಗೆ ತೋರಿಸಲಿ.