ಕಬ್ಬಿನ ಹಂಗಾಮು, ಓಟದ ಹಂಗಾಮು



ಇವತ್ತಿನ ಮಾತು ನಮ್ಮ ಕಾಲೇಜು ಹುಡುಗರ ಓಟ, ಜಿಗಿತ, ಎಸೆತಗಳ ಬಗ್ಗೆ. ಕನ್ನಡ ಪತ್ರಿಕೆಯಲ್ಲಿ ಇದನ್ನು ಅಥ್ಲೆಟಿಕ್ಸ್ ಎಂದು ಬರೆಯುತ್ತಾರೆ, ಮರಾಠಿಯಲ್ಲಿ ಮೈದಾನಿ ಖೇಳ ಎನ್ನುತ್ತಾರೆ. ನಮ್ಮ ಮನೆಗಳಲ್ಲಿ ಎರಡೂ ಭಾಷೆ ಒಂದೇ ಒಲೆಯ ಮೇಲೆ ಬೇಯುವುದರಿಂದ ಹುಡುಗ ಗೋಳಾಫೇಕಕ್ಕೆ ಹೋಗಿದ್ದಾನೆ ಎಂದರೂ ಸರಿ, ಗುಂಡು ಎಸೆತಕ್ಕೆ ಹೋಗಿದ್ದಾನೆ ಎಂದರೂ ಸರಿ, ನಮಗೆ ತಿಳಿಯುತ್ತದೆ. ಥಾಳಿಫೇಕ ಎಂದರೆ ಚಕ್ರ ಎಸೆತ, ಭಾಲಾಫೇಕ ಎಂದರೆ ಭರ್ಜಿ ಎಸೆತ, ಲಾಂಬ ಉಡಿ ಎಂದರೆ ಉದ್ದ ಜಿಗಿತ. ಹೆಸರು ಎರಡು ಇದ್ದರೂ ಗುಂಡಿನ ತೂಕ ಒಂದೇ, 7.26 ಕಿಲೋ.

ಕೊಲ್ಹಾಪುರ ಎಂದ ಕೂಡಲೇ ಜನರಿಗೆ ನೆನಪಾಗುವುದು ಕುಸ್ತಿ. ಶಾಹೂ ಮಹಾರಾಜರು ಕಟ್ಟಿಸಿದ ಖಾಸಬಾಗ ಮೈದಾನದ ಹೆಸರು ಕೇಳದ ಪೈಲವಾನರಿಲ್ಲ. ಕುಸ್ತಿಯ ನಂತರ ಫುಟ್ಬಾಲ್. ಗಡಿಂಗ್ಲಜದಲ್ಲಂತೂ ಫುಟ್ಬಾಲ್ ಪಂದ್ಯವಿದ್ದರೆ ಊರಿಗೆ ಊರೇ ಅಲ್ಲಿ ಇರುತ್ತದೆ. ಓಡುವ ಹುಡುಗನಿಗೆ ಮಾತ್ರ ಅಷ್ಟು ಜನ ಕೂಡುವುದಿಲ್ಲ. ಅವನು ನಸುಕಿನಲ್ಲಿ ಎದ್ದು ಒಬ್ಬನೇ ಓಡುತ್ತಾನೆ, ಬಂದು ಎಮ್ಮೆಗೆ ಮೇವು ಹಾಕಿ ಎಸ್.ಟಿ. ಹಿಡಿದು ಕಾಲೇಜಿಗೆ ಹೋಗುತ್ತಾನೆ. ಅವನ ಸ್ಪರ್ಧೆ ಎಲ್ಲಿ ನಡೆಯುತ್ತದೆ, ಹೇಗೆ ನಡೆಯುತ್ತದೆ, ಅದರಿಂದ ಏನು ಸಿಗುತ್ತದೆ ಎಂಬುದು ಎಷ್ಟೋ ಮನೆಗಳಲ್ಲಿ ಹಡೆದವರಿಗೇ ಗೊತ್ತಿರುವುದಿಲ್ಲ. ಅದನ್ನು ಸರಳವಾಗಿ ಹೇಳುತ್ತೇನೆ, ಕೇಳಿರಿ.

ನಮ್ಮ ಭಾಗದ ಕಾಲೇಜುಗಳೆಲ್ಲ ಕೊಲ್ಹಾಪುರದ ಶಿವಾಜಿ ವಿದ್ಯಾಪೀಠಕ್ಕೆ ಸೇರಿದವು. ಈ ವಿದ್ಯಾಪೀಠ ಶುರುವಾದದ್ದು 1962ರಲ್ಲಿ. ಸೋಲಾಪುರದ ಕಾಲೇಜುಗಳು 2004ರಲ್ಲಿ ಬೇರೆ ವಿದ್ಯಾಪೀಠವಾದ ಮೇಲೆ ಇದರ ಕೆಳಗೆ ಕೊಲ್ಹಾಪುರ, ಸಾಂಗಲಿ, ಸಾತಾರಾ ಎಂಬ ಮೂರು ಜಿಲ್ಲೆ ಉಳಿದವು. ಮೊದಲು ಕಾಲೇಜಿನೊಳಗೆ ಆಯ್ಕೆ. ಅಲ್ಲಿ ಗೆದ್ದವರು ತಮ್ಮ ಜಿಲ್ಲೆಯ ವಿಭಾಗೀಯ ಸ್ಪರ್ಧೆಗೆ ಹೋಗುತ್ತಾರೆ, ಹುಡುಗರು ಅದನ್ನು ಝೋನಲ್ ಎನ್ನುತ್ತಾರೆ. ಗಡಿಂಗ್ಲಜದವನೂ ಇಚಲಕರಂಜಿಯವನೂ ಕೊಲ್ಹಾಪುರ ಪೇಟೆಯವನೂ ಎದುರುಬದುರಾಗುವುದು ಇಲ್ಲಿಯೇ. ಅದನ್ನು ದಾಟಿದವರಿಗೆ ಮೂರು ವಿಭಾಗ ಕೂಡಿದ ಅಂತರ್ ವಿಭಾಗೀಯ ಸ್ಪರ್ಧೆ. ಅಲ್ಲಿ ಒಳ್ಳೆಯ ಸಮಯ, ಒಳ್ಳೆಯ ದೂರ ದಾಖಲಿಸಿದವರು ವಿದ್ಯಾಪೀಠದ ಬನಿಯನ್ ತೊಟ್ಟು ಅಖಿಲ ಭಾರತ ಅಂತರ್ ವಿಶ್ವವಿದ್ಯಾಲಯ ಸ್ಪರ್ಧೆಗೆ ರೈಲು ಹತ್ತುತ್ತಾರೆ. ಮಳೆ ನಿಂತ ಮೇಲೆ ಶುರುವಾಗುವ ಈ ಹಂಗಾಮು ಸಾಮಾನ್ಯವಾಗಿ ಸಂಕ್ರಾಂತಿಯ ಆಸುಪಾಸಿಗೆ ಮುಗಿಯುತ್ತದೆ.

ಮೈದಾನಕ್ಕೆ ಹೋಗಿ ನೋಡುವವರಿಗೆ ಒಂದೆರಡು ಸಂಗತಿ ತಿಳಿದಿದ್ದರೆ ಆಟ ಚೆನ್ನಾಗಿ ರುಚಿಸುತ್ತದೆ. ಓಟದ ಸುತ್ತು 400 ಮೀಟರಿನದು. ಸುಣ್ಣದ ಗೆರೆ ಎಳೆದು ಮಾಡಿದ ಒಂದೊಂದು ಪಟ್ಟಿ 1.22 ಮೀಟರ್ ಅಗಲ. 400 ಮೀಟರ್ ಓಟದಲ್ಲಿ ಎಲ್ಲರೂ ಒಂದೇ ಸಾಲಿನಲ್ಲಿ ನಿಲ್ಲುವುದಿಲ್ಲ, ಹೊರಗಿನ ಪಟ್ಟಿಯವನು ಮುಂದೆ ನಿಂತಿರುತ್ತಾನೆ. ನೋಡುವವರು ಇದೆಂಥ ಅನ್ಯಾಯ ಎನ್ನುತ್ತಾರೆ. ಅನ್ಯಾಯವೇನೂ ಇಲ್ಲ. ಗಾಣದ ಎತ್ತನ್ನು ನೆನೆಯಿರಿ. ಗೂಟಕ್ಕೆ ಹತ್ತಿರ ತಿರುಗುವ ಎತ್ತಿಗೆ ಸುತ್ತು ಚಿಕ್ಕದು, ದೂರ ತಿರುಗುವ ಎತ್ತಿಗೆ ದೊಡ್ಡದು. ಎರಡನೇ ಪಟ್ಟಿಯವನು ಅದೇ ಲೆಕ್ಕದಲ್ಲಿ ಸುಮಾರು 7 ಮೀಟರ್ ಮುಂದೆ ನಿಲ್ಲುತ್ತಾನೆ. ಕೊನೆಗೆ ಎಲ್ಲರೂ ಓಡುವುದು ಸರಿಯಾಗಿ 400 ಮೀಟರನ್ನೇ.

ಎರಡನೆಯದು, ಪಿಸ್ತೂಲಿನ ಶಬ್ದಕ್ಕೆ ಮೊದಲೇ ಹೊರಟವನ ಗತಿ. ಹಿಂದೆ ಒಂದು ಸಲ ತಪ್ಪಿದರೆ ಎಚ್ಚರಿಕೆ ಕೊಟ್ಟು ಮತ್ತೆ ನಿಲ್ಲಿಸುತ್ತಿದ್ದರು. 2010ರಿಂದ ಜಗತ್ತಿನ ನಿಯಮ ಬದಲಾಗಿದೆ, ಮೊದಲ ತಪ್ಪಿಗೇ ಹೊರಗೆ. ವರ್ಷವಿಡೀ ನಸುಕಿನಲ್ಲಿ ಎದ್ದದ್ದೆಲ್ಲ ಆ ಒಂದು ಕ್ಷಣದ ಆತುರಕ್ಕೆ ಹೋಗಿಬಿಡುತ್ತದೆ. 

ಮೂರನೆಯದು, ಸಮಯದ ಲೆಕ್ಕ. ಊರ ಮೈದಾನದಲ್ಲಿ ಮಾಸ್ತರರು ಕೈಗಡಿಯಾರ ಒತ್ತಿ 100 ಮೀಟರಿಗೆ 11.2 ಸೆಕೆಂಡು ಎಂದರೆ, ಅದು ಯಂತ್ರದ ಲೆಕ್ಕದಲ್ಲಿ ಸುಮಾರು 11.44. ಪಿಸ್ತೂಲು ಕೇಳಿ ಬೆರಳು ಒತ್ತುವಷ್ಟರಲ್ಲಿ ಕಾಲು ಸೆಕೆಂಡು ಜಾರಿರುತ್ತದೆ. ದೊಡ್ಡ ಸ್ಪರ್ಧೆಗೆ ಹೋದ ಮಗ ನಿಧಾನವಾದ ಎಂದು ತಿಳಿಯಬೇಡಿರಿ, ಅಲ್ಲಿ ಅಳತೆ ಬಿಗಿಯಾಗಿರುತ್ತದೆ. ಬ್ಯಾಂಕಿನಲ್ಲಿ ಪೈಸೆ ಹೊಂದದಿದ್ದರೆ ಮನೆಗೆ ಬಿಡುತ್ತಿರಲಿಲ್ಲ. ಇಲ್ಲಿ ಸೆಕೆಂಡಿನ ನೂರನೇ ಒಂದು ಪಾಲೂ ಲೆಕ್ಕಕ್ಕೆ ಹಿಡಿಯುತ್ತದೆ.

ಇಷ್ಟೆಲ್ಲ ಕಷ್ಟಪಟ್ಟು ನಮ್ಮ ಕಡೆಯವರು ಯಾರಾದರೂ ದೊಡ್ಡವರಾದರೇ ಎಂದು ಕೇಳುವವರಿದ್ದಾರೆ. ನೂರು ವರ್ಷದ ಹಿಂದಿನ ಹೆಸರು ಹೇಳುತ್ತೇನೆ. 1920ರಲ್ಲಿ ಬೆಲ್ಜಿಯಂ ದೇಶದ ಆಂಟ್‌ವರ್ಪ್ ಪಟ್ಟಣದಲ್ಲಿ ಒಲಿಂಪಿಕ್ ನಡೆಯಿತು. ಸರ್ ದೊರಾಬ್ಜಿ ಟಾಟಾ ಅವರ ಮುತುವರ್ಜಿಯಿಂದ ಹಿಂದುಸ್ತಾನದಿಂದ ಒಂದು ಚಿಕ್ಕ ತಂಡ ಹೋಯಿತು. ಅದರಲ್ಲಿ ಬೆಳಗಾವಿಯ ಫಡೆಪ್ಪ ದರೆಪ್ಪ ಚೌಗುಲೆ ಇದ್ದರು. ಮ್ಯಾರಥಾನ್ ಓಟವನ್ನು ಅವರು 2 ಗಂಟೆ 50 ನಿಮಿಷ 45 ಸೆಕೆಂಡಿನಲ್ಲಿ ಮುಗಿಸಿ 19ನೇ ಸ್ಥಾನ ಪಡೆದರು. ಆಗ ಬೆಳಗಾವಿ ಮುಂಬೈ ಪ್ರಾಂತ್ಯದಲ್ಲಿತ್ತು, ಈ ಗಡಿ ಇರಲಿಲ್ಲ. ಆ ಹೆಸರನ್ನೇ ನೋಡಿರಿ, ಫಡೆಪ್ಪ ದರೆಪ್ಪ ಎಂಬಲ್ಲಿ ನಮ್ಮ ಕನ್ನಡದ ಅಪ್ಪ ಇದ್ದಾನೆ, ಚೌಗುಲೆ ಎಂಬ ಅಡ್ಡಹೆಸರು ಎರಡೂ ಕಡೆ ಇದೆ. ಓಡುವಾಗ ಅವರನ್ನು ನೀನು ಯಾವ ಭಾಷೆಯವನು ಎಂದು ಯಾರೂ ಕೇಳಿರಲಿಕ್ಕಿಲ್ಲ.

ಇನ್ನೊಂದು ಹೆಸರು ನಿಮಗೆ ಗೊತ್ತಿರುವುದೇ. ಕರಾಡದ ಹತ್ತಿರದ ಗೋಳೇಶ್ವರದ ಖಾಶಾಬಾ ಜಾಧವ. ಅವರು ಓಟಗಾರರಲ್ಲ, ಪೈಲವಾನರು. ಆದರೂ ಕಾಲೇಜಿನ ಮಾತು ಬಂದಾಗ ಅವರನ್ನು ಬಿಡುವಂತಿಲ್ಲ, ಅವರು ಕೊಲ್ಹಾಪುರದ ರಾಜಾರಾಮ ಕಾಲೇಜಿನ ವಿದ್ಯಾರ್ಥಿ. 1948ರಲ್ಲಿ ಲಂಡನ್ನಿನಲ್ಲಿ ಆರನೆಯವರಾದರು. 1952ರಲ್ಲಿ ಹೆಲ್ಸಿಂಕಿಗೆ ಹೋಗಲು ಹಣ ಸಾಲದೆ ಬಂದಾಗ ಅವರ ಕಾಲೇಜಿನ ಪ್ರಿನ್ಸಿಪಾಲರಾಗಿದ್ದ ಖರ್ಡೀಕರರು ತಮ್ಮ ಮನೆಯನ್ನು ಗಹಾಣ ಇಟ್ಟು 7,000 ರೂಪಾಯಿ ಕೊಟ್ಟರು. ಖಾಶಾಬಾ ಕಂಚಿನ ಪದಕ ತಂದರು. ಸ್ವತಂತ್ರ ಭಾರತಕ್ಕೆ ಒಬ್ಬನೇ ಆಡಿ ತಂದ ಮೊದಲ ಒಲಿಂಪಿಕ್ ಪದಕ ಅದು. 1952ರ 7,000 ರೂಪಾಯಿ ಎಂದರೆ ಎಷ್ಟು ದೊಡ್ಡ ಗಂಟು ಎಂಬುದು ಸಾಲ ಕೊಟ್ಟು ತೆಗೆದುಕೊಂಡವರಿಗೆ ಗೊತ್ತು. ಶಿಷ್ಯ ಗೆಲ್ಲುತ್ತಾನೆ ಎಂದು ಬರೆದುಕೊಟ್ಟವರು ಯಾರೂ ಇರಲಿಲ್ಲ, ಆದರೂ ಇಟ್ಟರು. ಮುಂದೆ ಖಾಶಾಬಾ 1955ರಲ್ಲಿ ಪೊಲೀಸ್ ಸಬ್ ಇನ್ಸ್‌ಪೆಕ್ಟರ್ ಆದರು.

ಈಗಿನ ಮಾತು ಬೇಕೆಂದರೆ ಅದೂ ಇದೆ. ಭರ್ಜಿ ಎಸೆತದ ನೀರಜ್ ಚೋಪ್ರಾ ಮೊದಲ ಸಲ 80 ಮೀಟರ್ ದಾಟಿದ್ದು 2015ರ ಅಖಿಲ ಭಾರತ ಅಂತರ್ ವಿಶ್ವವಿದ್ಯಾಲಯ ಸ್ಪರ್ಧೆಯಲ್ಲಿ, 81.04 ಮೀಟರ್. ಆರು ವರ್ಷದ ಮೇಲೆ ಟೋಕಿಯೋದಲ್ಲಿ 87.58 ಮೀಟರ್ ಎಸೆದು ಬಂಗಾರ ಗೆದ್ದರು. ನಮ್ಮ ಪಕ್ಕದ ಸಾಂಗಲಿ ಜಿಲ್ಲೆಯ ಆಟಪಾಡಿ ತಾಲೂಕಿನ ಸಚಿನ್ ಖಿಲಾರಿ ಇಂಜಿನಿಯರಿಂಗ್ ಓದಿದವರು. ಒಂದು ಕೈ ಸರಿಯಿಲ್ಲದಿದ್ದರೂ 2024ರ ಪ್ಯಾರಿಸ್ ಪ್ಯಾರಾಲಿಂಪಿಕ್‌ನಲ್ಲಿ ಗುಂಡನ್ನು 16.32 ಮೀಟರ್ ಎಸೆದು ಬೆಳ್ಳಿ ತಂದರು. ಓದು ಮತ್ತು ಮೈದಾನ ಎರಡೂ ಒಂದೇ ಬುತ್ತಿಯಲ್ಲಿ ಕಟ್ಟಿಕೊಂಡು ಹೋಗಬಹುದು ಎಂಬುದಕ್ಕೆ ಇವರು ಸಾಕ್ಷಿ.

ಗಡಿಯ ಒಂದು ಚಮತ್ಕಾರವನ್ನೂ ಹೇಳಬೇಕು. ಗಡಿಂಗ್ಲಜದ ಹುಡುಗ ಶಿವಾಜಿ ವಿದ್ಯಾಪೀಠದ ಪರವಾಗಿ ಓಡಿದರೆ, ಸಂಕೇಶ್ವರದಲ್ಲಿ ಓದುವ ಅವನ ಸೋದರಮಾವನ ಮಗ ಬೆಳಗಾವಿಯ ರಾಣಿ ಚನ್ನಮ್ಮ ವಿಶ್ವವಿದ್ಯಾಲಯದ ಪರವಾಗಿ ಓಡುತ್ತಾನೆ. ಜಾತ್ರೆಗೆ ಒಂದೇ ಮನೆಯಲ್ಲಿ ಉಂಡವರು ವಿದ್ಯಾಪೀಠದ ಲೆಕ್ಕದಲ್ಲಿ ಎದುರಾಗಬೇಕಾದರೆ ಅಖಿಲ ಭಾರತ ಸ್ಪರ್ಧೆಯವರೆಗೆ ಹೋಗಬೇಕು. 2020ರ ಜನವರಿಯಲ್ಲಿ ಆ ಸ್ಪರ್ಧೆ ದಕ್ಷಿಣ ಕನ್ನಡದ ಮೂಡುಬಿದಿರೆಯಲ್ಲಿ ನಡೆಯಿತು, ಮಂಗಳೂರು ವಿಶ್ವವಿದ್ಯಾಲಯ ಚಾಂಪಿಯನ್ ಆಯಿತು. ಅಂಥ ಕಡೆ ನಮ್ಮ ಗಡಿಯ ಹುಡುಗನಿಗೆ ಒಂದು ಅನುಕೂಲವಿದೆ. ಅವನಿಗೆ ಮರಾಠಿ ತಂಡದೊಳಗೂ ಮಾತು ಬರುತ್ತದೆ, ಹೊರಗೆ ಕನ್ನಡ ಊರಿನಲ್ಲೂ ಮಾತು ಬರುತ್ತದೆ.

ಈಗ ಮುಖ್ಯ ಮಾತಿಗೆ ಬರುತ್ತೇನೆ. ಓಟದ ಹಂಗಾಮು ಮತ್ತು ಕಬ್ಬು ನುರಿಸುವ ಹಂಗಾಮು ಎರಡೂ ಒಂದೇ ವೇಳೆಗೆ ಬರುತ್ತವೆ. ಕಾರ್ಖಾನೆಯ ಭೋಂಗಾ ಕೂಗುವುದಕ್ಕೂ ಝೋನಲ್ ಸ್ಪರ್ಧೆಯ ತಾರೀಖಿಗೂ ಹೆಚ್ಚು ಅಂತರ ಇರುವುದಿಲ್ಲ. ಹೊಲದಲ್ಲಿ ಕಬ್ಬು ಕಡಿಯುವ ಪಾಳಿ ಬಂದಿರುತ್ತದೆ, ಮನೆಯಲ್ಲಿ ಕೈ ಸಾಲದು. ಇಚಲಕರಂಜಿಯಲ್ಲಿ ಮಗ್ಗದ ಪಾಳಿ ವರ್ಷವಿಡೀ ಇದ್ದದ್ದೇ. ಆಗ ತಂದೆ ಹೇಳುವ ಮಾತು ಇದು: ತಮ್ಮಾ, ಈ ವರ್ಷ ಕಾಲೇಜು ಬಿಡು, ಹೊರಗಿನಿಂದ ಫಾರ್ಮ್ ತುಂಬಿ ಪರೀಕ್ಷೆಗೆ ಕೂಡು, ಡಿಗ್ರಿ ಹೇಗಿದ್ದರೂ ಸಿಗುತ್ತದೆ.

ಡಿಗ್ರಿ ಸಿಗುತ್ತದೆ, ನಿಜ. ಆದರೆ ಅಂತರ್ ವಿಶ್ವವಿದ್ಯಾಲಯ ಸ್ಪರ್ಧೆಯ ನಿಯಮ ಬೇರೆ. ಅಲ್ಲಿ ಓಡುವವನು ಪೂರ್ಣಾವಧಿಯ, ದಿನವೂ ಕಾಲೇಜಿಗೆ ಹೋಗುವ ವಿದ್ಯಾರ್ಥಿ ಆಗಿರಬೇಕು. ಹೊರಗಿನಿಂದ ಪರೀಕ್ಷೆಗೆ ಕೂಡುವವನಿಗೆ, ಅಂಚೆ ಮೂಲಕ ಓದುವವನಿಗೆ ಅವಕಾಶವಿಲ್ಲ. ವಯಸ್ಸು 25 ದಾಟಿರಬಾರದು. ಲೆಕ್ಕ ಹಾಕಿರಿ. ಮೂರು ವರ್ಷದ ಡಿಗ್ರಿಗೆ ಓಟದ ಹಂಗಾಮು ಮೂರೇ. ಮೊದಲನೆಯದು ಕಲಿಯುವುದರಲ್ಲಿ ಹೋಗುತ್ತದೆ. ನೀವು ಎರಡನೆಯದನ್ನು ಕಬ್ಬಿಗೆ ಕೊಟ್ಟರೆ ಅವನ ಖಾತೆಯಲ್ಲಿ ಉಳಿಯುವುದು ಒಂದೇ ಒಂದು. ಕಬ್ಬು ಕೂಳೆ ಬಿಟ್ಟರೆ ಮರುವರ್ಷ ಮತ್ತೆ ಚಿಗುರುತ್ತದೆ. ಹುಡುಗನ ಇಪ್ಪತ್ತನೇ ವಯಸ್ಸಿಗೆ ಕೂಳೆ ಇಲ್ಲ.

ಪದಕವೇ ಬರಬೇಕೆಂದಿಲ್ಲ. ಮಹಾರಾಷ್ಟ್ರ ಪೊಲೀಸ್ ಭರ್ತಿಯಲ್ಲಿ 2022ರಿಂದ ಗಂಡುಮಕ್ಕಳ ಮೈದಾನ ಪರೀಕ್ಷೆಗೆ 50 ಅಂಕ. 1600 ಮೀಟರ್ ಓಟಕ್ಕೆ 20, 100 ಮೀಟರಿಗೆ 15, ಗುಂಡು ಎಸೆತಕ್ಕೆ 15. ಈ ಮೂರೂ ಕಾಲೇಜಿನ ಮೈದಾನದಲ್ಲಿ ಕಲಿಯುವಂಥವೇ. ಭರ್ತಿಯ ಜಾಹೀರಾತು ಬಂದ ಮೇಲೆ ಡಾಂಬರು ರಸ್ತೆಯಲ್ಲಿ, ಕಬ್ಬಿನ ಟ್ರ್ಯಾಕ್ಟರುಗಳ ನಡುವೆ ಕತ್ತಲಲ್ಲಿ ಓಡುವ ಹುಡುಗರನ್ನು ನೀವೂ ನೋಡಿದ್ದೀರಿ. ಎರಡು ತಿಂಗಳಲ್ಲಿ ಮೊಣಕಾಲು ಕೆಡಿಸಿಕೊಳ್ಳುತ್ತಾರೆ, ಒಮ್ಮೊಮ್ಮೆ ಜೀವಕ್ಕೂ ಅಪಾಯ. ಮೂರು ವರ್ಷ ಮಣ್ಣಿನ ಮೈದಾನದಲ್ಲಿ, ಕಲಿಸುವವರ ಕಣ್ಣೆದುರು ಓಡಿದವನಿಗೆ ಆ ಗಡಿಬಿಡಿ ಬೇಕಾಗುವುದಿಲ್ಲ.

ಇದರ ಜೊತೆಗೇ ಒಂದು ಎಚ್ಚರಿಕೆ. ಬೇಗ ಮೈ ಬರಲಿ ಎಂದು ಯಾರೋ ಕೊಟ್ಟ ಪುಡಿ, ಯಾರೋ ಚುಚ್ಚಿದ ಇಂಜೆಕ್ಷನ್ ತೆಗೆದುಕೊಳ್ಳುವ ಕೆಟ್ಟ ಚಟ ಹಳ್ಳಿಗೂ ಬಂದಿದೆ. 2023ರ ಸೆಪ್ಟೆಂಬರಿನಲ್ಲಿ ದೆಹಲಿ ರಾಜ್ಯ ಸ್ಪರ್ಧೆಗೆ ಮದ್ದು ತಪಾಸಣೆಯ ಅಧಿಕಾರಿಗಳು ಬಂದರೆಂದು ಗೊತ್ತಾದ ಮೇಲೆ 100 ಮೀಟರ್ ಅಂತಿಮ ಓಟಕ್ಕೆ ಬಂದು ನಿಂತವನು ಒಬ್ಬನೇ. ಉಳಿದವರು ಮೈದಾನಕ್ಕೇ ಬರಲಿಲ್ಲ. ಇಡೀ ದೇಶ ತಲೆ ತಗ್ಗಿಸಿತು. ಸಿಕ್ಕಿಬಿದ್ದವನಿಗೆ ವರ್ಷಗಟ್ಟಲೆ ನಿಷೇಧ, ಯಕೃತ್ತು ಮೂತ್ರಪಿಂಡ ಕೆಟ್ಟರೆ ಜೀವಮಾನದ ಔಷಧ. ಮಗನ ಕಪಾಟಿನಲ್ಲಿ ಗುರುತಿಲ್ಲದ ಡಬ್ಬಿ ಕಂಡರೆ ಸುಮ್ಮನಿರಬೇಡಿರಿ, ಡಾಕ್ಟರಿಗೆ ತೋರಿಸಿರಿ. ಜೋಳದ ರೊಟ್ಟಿ, ಹೆಸರುಕಾಳು, ಶೇಂಗಾ, ಮನೆಯ ಹಾಲು, ಅನುಕೂಲವಿದ್ದವರಿಗೆ ತತ್ತಿ, ಜೊತೆಗೆ ಕಣ್ತುಂಬ ನಿದ್ದೆ. ಓಡುವ ಹುಡುಗನಿಗೆ ಈ ಊಟ ಚೆನ್ನಾಗಿ ಆಗುತ್ತದೆ.

ಹಾಗಾದರೆ ನಾವು ಮಾಡಬೇಕಾದದ್ದೇನು? ದೊಡ್ಡದೇನೂ ಇಲ್ಲ. ಪ್ರಿನ್ಸಿಪಾಲ ಖರ್ಡೀಕರರಂತೆ ಮನೆ ಗಹಾಣ ಇಡಿರೆಂದು ನಾನು ಹೇಳುವುದಿಲ್ಲ. ಸ್ಪರ್ಧೆಯ ತಾರೀಖು ಕಾಲೇಜಿನಲ್ಲಿ ಮೊದಲೇ ಕೇಳಿಕೊಂಡು ಕಬ್ಬಿನ ಪಾಳಿಯನ್ನು ಅಣ್ಣತಮ್ಮಂದಿರು ಹಂಚಿಕೊಂಡು ಮುಗಿಸಿರಿ. ಹುಡುಗನ ಹೆಸರು ಕಾಲೇಜಿನ ಹಾಜರಿಯಲ್ಲಿ ಉಳಿಯಲಿ. ಜನ್ಮ ದಾಖಲೆ, ಹತ್ತನೇ ಇಯತ್ತೆಯ ಸರ್ಟಿಫಿಕೇಟು, ಬ್ಯಾಂಕಿನ ಪಾಸ್‌ಬುಕ್ಕು ಮೂರರಲ್ಲೂ ಹೆಸರು ಒಂದೇ ರೀತಿ ಇದೆಯೋ ನೋಡಿರಿ. ಕನ್ನಡ ಶಾಲೆಯಲ್ಲಿ ಒಂದು ರೀತಿ, ಮರಾಠಿ ಕಾಲೇಜಿನಲ್ಲಿ ಇನ್ನೊಂದು ರೀತಿ ಬರೆದ ಹೆಸರಿನಿಂದ ಹುಡುಗರು ಒದ್ದಾಡುವುದನ್ನು ಕೌಂಟರಿನ ಹಿಂದೆ ಕೂತು ಬಹಳ ನೋಡಿದ್ದೇನೆ. ಒಳ್ಳೆಯ ಜೊತೆ ಬೂಟು ಕೊಡಿಸಿರಿ. ಮತ್ತು ಒಂದು ದಿನ, ಒಂದೇ ದಿನ, ಹೊಲದ ಕೆಲಸ ಬದಿಗಿಟ್ಟು ಸ್ಪರ್ಧೆ ನೋಡಲು ಹೋಗಿರಿ. ಎತ್ತಿನ ಗಾಡಿಯ ಶರ್ಯತ್ತಿಗೆ ಹತ್ತು ಹರದಾರಿ ಹೋಗುವ ಜನ ನಾವು, ಹೊಟ್ಟೆಯ ಮಗನ ಓಟಕ್ಕೆ ಹೋಗಲಾರೆವೇ?

ಅವನು ಕೊನೆಗೆ ಬಂದರೂ ಚಿಂತೆಯಿಲ್ಲ. ಗೆರೆ ದಾಟಿ ಬಗ್ಗಿ ನಿಂತು ಉಸಿರು ತೆಗೆದುಕೊಳ್ಳುವಾಗ ಅವನ ಕೈಗೆ ನೀರಿನ ತಂಬಿಗೆ ಕೊಡುವವರು ಮನೆಯವರಾಗಿರಲಿ. ಇಷ್ಟನ್ನು ಕೇಳಿಕೊಂಡು ನನ್ನ ಮಾತು ಮುಗಿಸುತ್ತೇನೆ.