ಅಚ್ಚಾದದ್ದನ್ನು ಅಳಿಸುವವರು ಯಾರು?

(ಓದುಗರ ಕೂಟದಲ್ಲಿ ಮುದ್ರಣಾಲಯದ ಮಾಲೀಕರೊಬ್ಬರು ಆಡಿದ ಮಾತು)



ನಾನು ಸಾಹಿತಿಯಲ್ಲ. ಪಿ.ಯು.ಸಿ. ಮುಗಿಸಿ ಅಪ್ಪನ ಪ್ರೆಸ್ಸಿಗೆ ಬಂದವನು. ಪತ್ತೇದಾರಿ ಕಾದಂಬರಿ ಎಂದರೆ ಮೂಗು ಮುರಿಯುವವರು ದಯವಿಟ್ಟು ಐದು ನಿಮಿಷ ತಾಳಿಕೊಳ್ಳಿ.

ಫುಟ್‌ಪಾತಿನ ಹಳೇ ಪುಸ್ತಕಗಳ ರಾಶಿಯಲ್ಲಿ ನನಗೊಂದು ಇಂಗ್ಲಿಷ್ ಕಾದಂಬರಿ ಸಿಕ್ಕಿತು. ಅಮೆರಿಕದ ಎಡ್ ಮೆಕ್‌ಬೇನ್ 1956ರಲ್ಲಿ ಹೊರತಂದ ‘ಕಾಪ್ ಹೇಟರ್’. 87ನೇ ಠಾಣೆಯ ಕಥೆಗಳಲ್ಲಿ ಇದೇ ಮೊದಲನೆಯದು. ಆಮೇಲೆ ಐವತ್ತಕ್ಕೂ ಹೆಚ್ಚು ಬಂದವು. ಊರು ಕಲ್ಪನೆಯದು, ಆದರೆ ನ್ಯೂಯಾರ್ಕಿನ ಪಡಿಯಚ್ಚು. ಸುಡುಬೇಸಿಗೆ. ಒಬ್ಬರ ಹಿಂದೊಬ್ಬರಂತೆ ಪೊಲೀಸ್ ಪತ್ತೇದಾರರು ಗುಂಡಿಗೆ ಬಲಿಯಾಗುತ್ತಾರೆ. ರಾತ್ರಿ ಕೆಲಸವಿದ್ದಾಗ ನಮ್ಮ ಪ್ರೆಸ್ಸಿನವರಿಗೆ ಈ ಕಥೆಯನ್ನು ದಿನಕ್ಕಿಷ್ಟರಂತೆ ಕನ್ನಡದಲ್ಲಿ ಹೇಳಿದೆ.

ಅಪ್ಪನ ಕಾಲದ ಕಂಪೋಸಿಟರ್, ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನನ್ನು ಓದಿ ಬೆಳೆದವರು, ಸಿಡುಕಿದರು: “ಏನಪ್ಪಾ ಇದು, ಠಾಣೆ ತುಂಬ ಜನ ಇದ್ದಾರೆ, ಒಬ್ಬ ಹೀರೋ ಇಲ್ಲ!” ಮೆಷಿನ್ ಹುಡುಗನಿಗೆ ಅದೇ ಹಿಡಿಸಿತು: “ಬಾಗಿಲು ಬಡೀತಾರೆ, ರಿಪೋರ್ಟ್ ಬರೀತಾರೆ, ಬೆವರು ಒರೆಸ್ಕೋತಾರೆ. ನಮ್ ಥರಾನೇ ಸಾರ್.” ಬೈಂಡಿಂಗಿನ ಹೆಂಗಸು ಸೂಜಿ ನಿಲ್ಲಿಸಿ ಕೇಳಿದರು: “ಪೊಲೀಸರು ಸತ್ತಿದ್ದಕ್ಕೆ ಇಷ್ಟು ಓಡಾಡ್ತಾರಲ್ಲಣ್ಣ, ಬಡವರು ಸತ್ತಿದ್ರೆ?” ನನ್ನಲ್ಲಿ ಉತ್ತರವಿರಲಿಲ್ಲ.

ನಾನು ಸಿಕ್ಕಿಬಿದ್ದದ್ದು ಬೇರೆ ಕಡೆ. ಆ ಕಥೆಯಲ್ಲಿ ಸ್ಯಾವೇಜ್ ಎಂಬ ಪತ್ರಿಕೆಯವನಿದ್ದಾನೆ. ಪತ್ತೇದಾರ ಕ್ಯಾರೆಲಾ ಮಾತಿನ ನಡುವೆ ಬಾಯಿಬಿಟ್ಟ ಅನುಮಾನಗಳನ್ನೆಲ್ಲ ಆತ ಅಚ್ಚು ಹಾಕಿಸುತ್ತಾನೆ. ಕ್ಯಾರೆಲಾ ಮದುವೆಯಾಗಲಿರುವ ಟೆಡ್ಡಿಯ ವಿಷಯವೂ ಅದರಲ್ಲಿ ಸೇರುತ್ತದೆ. ಕಿವಿ ಕೇಳದ, ಮಾತು ಬಾರದ ಆಕೆಯ ಮನೆ ಬಾಗಿಲಿಗೆ ಕೊಲೆಗಾರ ಬಂದು ನಿಲ್ಲುತ್ತಾನೆ. ಪಿಸ್ತೂಲು ಹಿಡಿದವನು ಒಬ್ಬ, ದಾರಿ ತೋರಿಸಿದ್ದು ಅಚ್ಚಿನ ಮೊಳೆ!

ಇದನ್ನು ಓದಿದ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಏಕೆ ಗೊತ್ತೇ? ಕೆಲವು ವರ್ಷಗಳ ಹಿಂದೆ ಅಂಗಡಿಯವರೊಬ್ಬರು ನನ್ನಲ್ಲಿ ಕರಪತ್ರ ಮಾಡಿಸಿದ್ದರು. ಕೆಲಸದ ಹುಡುಗ ಹಣ ಕದ್ದನೆಂದು ಹೆಸರು, ಬೀದಿ, ಫೋಟೋ ಸಮೇತ. ಸಾವಿರ ಪ್ರತಿ. ಕಾಗುಣಿತವನ್ನು ಮೂರು ಸಲ ತಿದ್ದಿದೆ. ಸುದ್ದಿ ನಿಜವೇ ಎಂದು ಒಂದು ಸಲವೂ ಕೇಳಲಿಲ್ಲ. ವಾರದಲ್ಲಿ ಹಣ ಅವರ ಮನೆಯಲ್ಲೇ ಸಿಕ್ಕಿತು. ಹುಡುಗನ ತಾಯಿ ಬಂದು ಕರಪತ್ರವನ್ನು ನನ್ನ ಮೇಜಿನ ಮೇಲಿಟ್ಟು, “ಇದನ್ನ ಅಳಿಸಿಕೊಡಿ ಸ್ವಾಮಿ” ಎಂದರು.

ಎಲ್ಲಿಂದ ಅಳಿಸಲಿ? ಸಾವಿರ ಮನೆಗಳಿಂದಲೇ?

ಕೊಲೆಗಾರ ಯಾರೆಂದು ನಾನು ಹೇಳುವುದಿಲ್ಲ, ಓದಿ ತಿಳಿಯಿರಿ. ಓದುಗ ಬಂಧುಗಳೇ, ನಿಮ್ಮಲ್ಲಿ ಬೇಡುವುದು ಇಷ್ಟೇ. ನಿಮ್ಮ ಕೈಗೆ ಬಂದ ಹಾಳೆ ಯಾರನ್ನಾದರೂ ಕಳ್ಳನೆಂದರೆ, ಕೊಲೆಗಾರನೆಂದರೆ, ತಕ್ಷಣ ನಂಬಬೇಡಿ. ಬರೆದವನನ್ನು ಕೇಳಿ. ಅಚ್ಚು ಹಾಕಿದವನನ್ನೂ ಕೇಳಿ. ಅಂದು ನನ್ನನ್ನು ಯಾರಾದರೂ ಕೇಳಿದ್ದರೆ ಆ ಹುಡುಗ ಊರು ಬಿಡುತ್ತಿರಲಿಲ್ಲ.